ಖಾಲಿ ಚೌಕದೊಳಗಿನ ಸೂತ್ರ

ನಮ್ಮ ಚಿಂಚಲಿ ಸೀಮೆಯ ಹಳೆಯ ಮೋಡಿ ಕಾಗದಗಳನ್ನು ಓದುವವರಿಗೆ ಮೊದಲ ತೊಡಕು ಇಸವಿಯದು. ರಾಯಬಾಗ ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಮರಾಠಿ ದಫ್ತರಗಳ ಕಾಲಗಣನೆಯೂ ಜೊತೆಗೆ ಬಂತು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ, ಫಸಲಿಗೆ 590, ಶುಹೂರ್ ಸನ್ನಿಗೆ 599. ತಿಂಗಳು ನೋಡಿ ಒಮ್ಮೊಮ್ಮೆ ಇನ್ನೊಂದು ಕೂಡಿಸಬೇಕು.

ಈ ಲೆಕ್ಕಕ್ಕೆಂದು ಪೈಥಾನ್‌ನಲ್ಲಿ ಒಂದು ಸಣ್ಣ ಕಿಟಕಿ ಮಾಡಿಕೊಂಡಿದ್ದೇನೆ. ಅದರಲ್ಲೊಂದು ಖಾಲಿ ಚೌಕ. ಬಳಸುವವರು ತಮ್ಮ ಸೂತ್ರವನ್ನು ತಾವೇ ಬರೆದು ಓಡಿಸಬಹುದು. ‘ಶಕ + 78’ ಎಂದು ಕನ್ನಡದಲ್ಲೇ ಬರೆದರೂ ನಡೆಯುತ್ತದೆ. 2008ರ ಪೈಥಾನ್ 3 ಕನ್ನಡ ಹೆಸರುಗಳನ್ನು ಒಪ್ಪುತ್ತದೆ. ಅಂಕಿಗಳ ವಿಷಯ ಮಾತ್ರ ತಮಾಷೆಯದು: ಉದ್ಧರಣ ಚಿಹ್ನೆಯೊಳಗೆ ‘೧೭೪೦’ ಬರೆದು ‘ಇಂಟ್’ಗೆ ಒಪ್ಪಿಸಿದರೆ 1740 ಆಗುತ್ತದೆ, ಸೂತ್ರದಲ್ಲಿ ನೇರ ಬರೆದರೆ ದೋಷವೆನ್ನುತ್ತದೆ.

ಬರೆದದ್ದನ್ನು ಅಲ್ಲೇ ಓಡಿಸುವ ಯೋಚನೆ ಪೈಥಾನ್‌ಗಿಂತ ಹಳೆಯದು. ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ ‘ಇವಾಲ್’ ಅನ್ನು ಕಾಗದದ ಮೇಲಿನ ವಾದವಾಗಿ ಬರೆದಿದ್ದರು. ಸ್ಟೀವ್ ರಸೆಲ್ ಅದನ್ನೇ ಐಬಿಎಂ 704 ಯಂತ್ರಕ್ಕೆ ಇಳಿಸಿಬಿಟ್ಟರು. ಪೈಥಾನ್‌ನಲ್ಲಿ ಆ ಕೆಲಸಕ್ಕೆ ‘ಇವಾಲ್’, ‘ಎಕ್ಸೆಕ್’ ಎರಡೂ ಇವೆ: ಮೊದಲನೆಯದು ಒಂದು ಸೂತ್ರದ ಬೆಲೆ ಹೇಳುತ್ತದೆ, ಎರಡನೆಯದು ಇಡೀ ಕೋಡನ್ನು ಓಡಿಸುತ್ತದೆ.

ನನಗೆ ಮುಖ್ಯವೆನಿಸುವ ವರ್ಷ 2003. ಅಲ್ಲಿಯವರೆಗೆ ಪೈಥಾನ್‌ನಲ್ಲಿ ‘ಆರ್‌ಎಕ್ಸೆಕ್’ ಎಂಬ ಬೇಲಿಯಿತ್ತು: ನಂಬಲಾಗದ ಕೋಡನ್ನು ಅದರೊಳಗೆ ಓಡಿಸಿರಿ, ಹೊರಗೆ ಬರಲಾರದು ಎಂಬ ಭರವಸೆ. ಆದರೆ ಪೈಥಾನ್‌ನಲ್ಲಿ ಯಾವ ವಸ್ತುವನ್ನು ಹಿಡಿದರೂ ಅದರ ಕುಲಮೂಲ ಕೇಳುತ್ತ ಮಿಕ್ಕೆಲ್ಲ ವಸ್ತುಗಳ ಮನೆಗೆ ಹೋಗಬಹುದು. ಬೇಲಿಯ ತೂತುಗಳನ್ನು ಮುಚ್ಚಲಾಗದೆ 2.3ನೇ ಆವೃತ್ತಿಯಲ್ಲಿ ಅದನ್ನು ನಿಲ್ಲಿಸಿದರು. ಅದೇ ಆವೃತ್ತಿಯಲ್ಲಿ ಪೈಥಾನ್‌ನ ಸ್ವಂತ ಸಂಪಾದಕ ಕಿಟಕಿ ‘ಐಡಲ್’, ಬಳಕೆದಾರರ ಕೋಡನ್ನು ಬೇರೆಯೇ ಪ್ರಕ್ರಿಯೆಯಲ್ಲಿ ಓಡಿಸತೊಡಗಿತು. ಒಂದೇ ಮನೆಯಲ್ಲಿದ್ದರೆ, ಮುಗಿಯದ ಲೂಪ್ ಒಂದು ಸಿಕ್ಕಿಕೊಂಡಾಗ ಗುಂಡಿ ಒತ್ತಿದ್ದು ಕೇಳುವವರೇ ಇರುವುದಿಲ್ಲ, ಕಿಟಕಿ ಹೆಪ್ಪುಗಟ್ಟುತ್ತದೆ. ಬೇರೆ ಮನೆಯಾದರೆ ಅದೊಂದನ್ನೇ ಕೊಂದು ಮತ್ತೆ ಶುರುಮಾಡಬಹುದು.

ಇದನ್ನು ಸುರಕ್ಷತೆ ಎಂದು ತಿಳಿಯುವವರುಂಟು. ಅಲ್ಲ. ಬೇರೆ ಪ್ರಕ್ರಿಯೆಗೂ ಕಂಪ್ಯೂಟರಿನ ಒಡೆಯನ ಹಕ್ಕುಗಳೆಲ್ಲ ಇರುತ್ತವೆ. 78 ಕೂಡಿಸುವ ಅದೇ ಚೌಕ, ಯಾರದೋ ಮನೆತನದ ಏಕೈಕ ಕಾಗದಗಳ ಸ್ಕ್ಯಾನ್ ಇರುವ ಫೋಲ್ಡರನ್ನು ಒಂದು ಸಾಲಿನಲ್ಲಿ ಅಳಿಸಬಲ್ಲದು. ಸೂತ್ರ ನನ್ನದೇ ಆದಾಗ ಚಿಂತೆಯಿಲ್ಲ. ಆದರೆ ಸಂಶೋಧಕರು ಸೂತ್ರಗಳನ್ನು ವಾಟ್ಸಾಪ್‌ನಲ್ಲಿ ಹಂಚಿಕೊಳ್ಳುತ್ತಾರೆ.

ಹಾಗಾಗಿ ನನ್ನ ಕಿಟಕಿಯಲ್ಲಿ ಎರಡು ದಾರಿ ಇಟ್ಟಿದ್ದೇನೆ. ಹೊರಗಿನ ಸೂತ್ರವನ್ನು ‘ಇವಾಲ್’ಗೆ ಕೊಡುವುದೇ ಇಲ್ಲ; ಅದರ ವ್ಯಾಕರಣ ಬಿಡಿಸಿ, ಅಂಕಿ, ಹೆಸರು, ಕೂಡು, ಕಳೆ ಇಷ್ಟಿದ್ದರೆ ಮಾತ್ರ ಲೆಕ್ಕ ಮಾಡುತ್ತದೆ. ನಾನೇ ಬರೆದದ್ದು ಬೇರೆ ಪ್ರಕ್ರಿಯೆಯಲ್ಲಿ ಓಡುತ್ತದೆ, ಐದು ಸೆಕೆಂಡ್ ಗಡುವಿನೊಂದಿಗೆ. ಮೊದಲ ದಾರಿ ತೀರ ಇಕ್ಕಟ್ಟು, ಶುಹೂರ್ ಸನ್ನಿನ ತಿಂಗಳ ಷರತ್ತೂ ಅದರಲ್ಲಿ ಹಿಡಿಸದು. ಆ ಸೂತ್ರಗಳು ಬಂದಾಗ ಸಾಲುಸಾಲಾಗಿ ಓದಿ, ಕೈಯಾರೆ ಮತ್ತೆ ಟೈಪು ಮಾಡುತ್ತೇನೆ.