ಹಂಗಾಮಿ ರಾಷ್ಟ್ರಪತಿ: ಬಿ.ಡಿ. ಜತ್ತಿಯವರ 164 ದಿನಗಳು

ಅಮೆರಿಕದ ಪೌರತ್ವ ಪರೀಕ್ಷೆಗೆ ಓದಿಕೊಂಡ ನಮ್ಮಲ್ಲಿ ಹಲವರಿಗೆ ಒಂದು ಪ್ರಶ್ನೆ ನೆನಪಿರಬಹುದು: ಅಧ್ಯಕ್ಷರು ಕೆಲಸ ಮುಂದುವರಿಸಲು ಆಗದಿದ್ದರೆ ಆ ಸ್ಥಾನಕ್ಕೆ ಯಾರು ಬರುತ್ತಾರೆ? ಉತ್ತರ, ಉಪಾಧ್ಯಕ್ಷರು. ಕಳೆದ ವರ್ಷ ಮೌಂಟನ್ ವ್ಯೂನ ನಮ್ಮ ಮನೆಯಲ್ಲಿ ಹಿರಿಯ ಸ್ನೇಹಿತರೊಬ್ಬರಿಗೆ ಈ ಪ್ರಶ್ನೆಗಳನ್ನು ಅಭ್ಯಾಸ ಮಾಡಿಸುತ್ತಿದ್ದೆ. ಪಕ್ಕದಲ್ಲಿದ್ದ ಅವರ ಮೊಮ್ಮಗಳು, "ಇಂಡಿಯಾದಲ್ಲಿ ಹೇಗೆ, ತಾತ?" ಎಂದು ಕೇಳಿದಳು. "ಅಲ್ಲೂ ಹಾಗೇ ಕಣಮ್ಮ" ಎಂದರು. ಅದು ಅರ್ಧ ಮಾತ್ರ ನಿಜ. ಉಳಿದ ಅರ್ಧದಲ್ಲಿ ಒಬ್ಬ ಕನ್ನಡಿಗರ ಕಥೆಯಿದೆ.

ಅಮೆರಿಕದಲ್ಲಿ ಅಧ್ಯಕ್ಷರ ಸ್ಥಾನ ತೆರವಾದರೆ ಉಪಾಧ್ಯಕ್ಷರೇ ಅಧ್ಯಕ್ಷರಾಗಿ ಉಳಿದ ಅವಧಿಯನ್ನು ಪೂರ್ತಿ ಮಾಡುತ್ತಾರೆ. 1974ರ ಆಗಸ್ಟ್ 9ರಂದು ನಿಕ್ಸನ್ ರಾಜೀನಾಮೆ ಕೊಟ್ಟಾಗ ಜೆರಾಲ್ಡ್ ಫೋರ್ಡ್ ಬಂದದ್ದು ಹೀಗೆ. ಭಾರತದ ಸಂವಿಧಾನದ 65ನೇ ವಿಧಿಯಲ್ಲಿ ಉಪರಾಷ್ಟ್ರಪತಿ ರಾಷ್ಟ್ರಪತಿ ಆಗುವುದಿಲ್ಲ. ರಾಷ್ಟ್ರಪತಿಯ ಕೆಲಸವನ್ನು ನಿರ್ವಹಿಸುತ್ತಾರೆ, ಅಷ್ಟೆ. 62ನೇ ವಿಧಿಯ ಪ್ರಕಾರ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಇಂಥವರನ್ನು ನಾವು 'ಹಂಗಾಮಿ' ಎನ್ನುತ್ತೇವೆ. ನಮ್ಮ ಉತ್ತರ ಕರ್ನಾಟಕದಲ್ಲಿ ಹಂಗಾಮು ಎಂದರೆ ಬೆಳೆಯ ಕಾಲ, ಬರುತ್ತದೆ, ಮುಗಿಯುತ್ತದೆ.

ಫೋರ್ಡ್ ಅಧ್ಯಕ್ಷರಾದ ಅದೇ ತಿಂಗಳ 31ರಂದು ಬಸಪ್ಪ ದಾನಪ್ಪ ಜತ್ತಿಯವರು ಭಾರತದ ಉಪರಾಷ್ಟ್ರಪತಿಯಾದರು. ಜಮಖಂಡಿ ತಾಲ್ಲೂಕಿನ ಸಾವಳಗಿಯವರು. ಕೊಲ್ಹಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲಿ ಮಾಡಿದರು. ಅಲ್ಲಿನ ಪುರಸಭೆಯ ಅಧ್ಯಕ್ಷರಾದರು. 1948ರಲ್ಲಿ ವಿಲೀನವಾಗುವ ಮುನ್ನ ಆ ಪುಟ್ಟ ಸಂಸ್ಥಾನಕ್ಕೆ ಮುಖ್ಯಮಂತ್ರಿಯೂ ಆಗಿದ್ದರು. 1952ರ ನಂತರ ಮುಂಬಯಿ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಆಗ ಅಲ್ಲಿ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ಆಮೇಲೆ ಪಾಂಡಿಚೇರಿ, ಒರಿಸ್ಸಾಗಳ ರಾಜಭವನ. ಸದ್ದುಗದ್ದಲವಿಲ್ಲದ ಮನುಷ್ಯ.

1977ರ ಫೆಬ್ರುವರಿ 11. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಮಲೇಷ್ಯಾ ಪ್ರವಾಸ ಮೊಟಕುಗೊಳಿಸಿ ದೆಹಲಿಗೆ ಮರಳಿದ್ದರು. ಅಂದು ಬೆಳಿಗ್ಗೆ ಹೃದಯಾಘಾತದಿಂದ ತೀರಿಕೊಂಡರು. ನಾನಾಗ ಬಿಜಾಪುರದಲ್ಲಿ ಪಿ.ಯು.ಸಿ. ವಿದ್ಯಾರ್ಥಿ. 'ನಮ್ಮ ಜಿಲ್ಲೆಯವರು ರಾಷ್ಟ್ರಪತಿ ಆದರಂತೆ' ಎಂದು ಊರೆಲ್ಲ ಮಾತಾಡಿಕೊಂಡಿತು. ಹಂಗಾಮಿ ಎಂಬ ಪದವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಅವರ ಪಾಲಿಗೆ ಬಂದ ಹಂಗಾಮು ಸಾಮಾನ್ಯದ್ದಲ್ಲ. ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು, ಲೋಕಸಭಾ ಚುನಾವಣೆ ಘೋಷಣೆಯಾಗಿತ್ತು. ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಸೋತರು. ಮಾರ್ಚ್ 21ರಂದು ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡ ಆದೇಶ ಹೊರಟದ್ದು ಜತ್ತಿಯವರ ಅಂಕಿತದಿಂದ. ಮೂರು ದಿನಗಳ ನಂತರ ಹೊಸ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಆ ಪ್ರಧಾನಿ ಮೊರಾರ್ಜಿ ದೇಸಾಯಿ, ಮುಂಬಯಿಯ ಅವರ ಹಳೆಯ ಮುಖ್ಯಮಂತ್ರಿ.

ನಿಜವಾದ ಪರೀಕ್ಷೆ ಏಪ್ರಿಲ್‌ನಲ್ಲಿ ಬಂತು. ಉತ್ತರ ಪ್ರದೇಶದ 85, ಬಿಹಾರದ 54 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ ಒಂದನ್ನೂ ಗೆದ್ದಿರಲಿಲ್ಲ. ಆದರೂ ಆ ರಾಜ್ಯಗಳಲ್ಲಿ ಅದೇ ಪಕ್ಷದ ಸರ್ಕಾರಗಳಿದ್ದವು. ಅಂಥ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಲು ಜನತಾ ಸರ್ಕಾರ ಹೊರಟಿತು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಇಲ್ಲಿ ಕಾಂಗ್ರೆಸ್ 28ರಲ್ಲಿ 26 ಸ್ಥಾನ ಗೆದ್ದಿತ್ತು. ಇನ್ನೊಂದು ಲೆಕ್ಕವೂ ಇತ್ತು: ಆಗಸ್ಟ್ 11ರೊಳಗೆ ಹೊಸ ರಾಷ್ಟ್ರಪತಿಯ ಆಯ್ಕೆ ಆಗಬೇಕಿತ್ತು, ಆ ಚುನಾವಣೆಯಲ್ಲಿ ಶಾಸಕರಿಗೂ ಮತವಿದೆ. ಎಂದರೆ, ಜತ್ತಿಯವರು ಕುಳಿತಿದ್ದ ಕುರ್ಚಿಗೆ ಯಾರು ಬರಬೇಕು ಎಂಬುದೂ ಆ ವಿಸರ್ಜನೆಗೆ ಅಂಟಿಕೊಂಡಿತ್ತು.

ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅವರ ಅರ್ಜಿಗಳನ್ನು ತಳ್ಳಿಹಾಕಿತು. ಸಂಪುಟದ ಸಲಹೆ ಜತ್ತಿಯವರ ಮೇಜಿಗೆ ಬಂತು. ಅವರು ತಕ್ಷಣ ಸಹಿ ಹಾಕಲಿಲ್ಲ. ಸರ್ಕಾರ ತನ್ನ ನಿಲುವು ಬಿಡಲಿಲ್ಲ. ಮರುದಿನ, ಏಪ್ರಿಲ್ 30ರಂದು, ಅಂಕಿತ ಬಿತ್ತು.

ಆ ಒಂದು ದಿನಕ್ಕಾಗಿ ಅವರು ಸಾಕಷ್ಟು ಟೀಕೆ ಕೇಳಿದರು. ಹಳೆಯ ಪಕ್ಷದ ಋಣ ತೀರಿಸುತ್ತಿದ್ದಾರೆ ಎಂದರು ಕೆಲವರು; ತಡೆದವರು ಕೊನೆಗೆ ಬಗ್ಗಿದ್ದೇಕೆ ಎಂದರು ಇನ್ನು ಕೆಲವರು. ನಾನು ಇದನ್ನು ವೈದ್ಯನ ಕಣ್ಣಿನಿಂದ ನೋಡುತ್ತೇನೆ. ರಾತ್ರಿ ಪಾಳಿಯಲ್ಲಿ ಬೇರೆ ವೈದ್ಯರ ರೋಗಿಗಳು ನಮ್ಮ ಕೈಗೆ ಬರುತ್ತಾರೆ. ಜವಾಬ್ದಾರಿ ಪೂರ್ತಿ ನಮ್ಮದೇ, ಆದರೆ ಬೆಳಗಿನವರೆಗೆ ಕಾಯಬಹುದಾದ ದೊಡ್ಡ ಶಸ್ತ್ರಚಿಕಿತ್ಸೆಗೆ ಕೈ ಹಾಕುವ ಮುನ್ನ ಇನ್ನೊಮ್ಮೆ ಫೋನ್ ಮಾಡಿ ಕೇಳುತ್ತೇವೆ. ಜತ್ತಿಯವರು ಮಾಡಿದ್ದೂ ಅದನ್ನೇ ಎಂದು ನನ್ನ ಭಾವನೆ. ಆದರೆ ಕಾನೂನು ಅವರ ಬೆನ್ನಿಗಿರಲಿಲ್ಲ. 1976ರ 42ನೇ ತಿದ್ದುಪಡಿ ರಾಷ್ಟ್ರಪತಿ ಸಂಪುಟದ ಸಲಹೆಯಂತೆಯೇ ನಡೆಯಬೇಕು ಎಂದು ವಿಧಿಸಿತ್ತು. ಸಲಹೆಯನ್ನು ಒಮ್ಮೆ ಮರುಪರಿಶೀಲಿಸಿ ಎಂದು ಕೇಳುವ ಅವಕಾಶ ಬಂದದ್ದು 1978ರ 44ನೇ ತಿದ್ದುಪಡಿಯಲ್ಲಿ. ಇಂದು ಯಾವ ರಾಷ್ಟ್ರಪತಿಯಾದರೂ ಹಕ್ಕಿನಿಂದ ಕೇಳಬಹುದಾದ ಆ ಪ್ರಶ್ನೆಯನ್ನು ಜತ್ತಿಯವರು ಹಕ್ಕಿಲ್ಲದೆ ಕೇಳಿದರು.

ಇಂಥ ನಡುಗಾಲ ಎಷ್ಟು ನಾಜೂಕು ಎಂಬುದಕ್ಕೆ ದಕ್ಷಿಣ ಆಫ್ರಿಕಾ ಭಾಗದ ಎರಡು ದೇಶಗಳನ್ನು ನೋಡಿ. 2012ರ ಏಪ್ರಿಲ್ 5ರಂದು ಮಲಾವಿಯ ಅಧ್ಯಕ್ಷ ಬಿಂಗು ವಾ ಮುತಾರಿಕಾ ಹೃದಯ ಸ್ತಂಭನದಿಂದ ತೀರಿಕೊಂಡರು. ಸಾವಿನ ಸುದ್ದಿಯನ್ನು ಅಧಿಕೃತವಾಗಿ ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು. ಪಕ್ಷದಿಂದ ಹೊರಹಾಕಲ್ಪಟ್ಟಿದ್ದ ಉಪಾಧ್ಯಕ್ಷೆ ಜಾಯ್ಸ್ ಬಾಂಡಾ ಅಧಿಕಾರಕ್ಕೆ ಬಾರದಂತೆ ತಡೆಯಲು ಕೆಲವು ಮಂತ್ರಿಗಳು ಯತ್ನಿಸಿದರು. ಕೊನೆಗೆ ಸಂವಿಧಾನವೇ ಗೆದ್ದು 7ರಂದು ಅವರ ಪ್ರಮಾಣವಚನವಾಯಿತು. ನೆರೆಯ ಜಾಂಬಿಯಾದಲ್ಲಿ 2014ರ ಅಕ್ಟೋಬರ್ 28ರಂದು ಮೈಕೆಲ್ ಸಾಟಾ ತೀರಿಕೊಂಡಾಗ ಉಪಾಧ್ಯಕ್ಷ ಗೈ ಸ್ಕಾಟ್ ಭಾರತದ ಮಾದರಿಯಲ್ಲೇ ಹಂಗಾಮಿಯಾದರು. ಅಲ್ಲಿ ಗಡುವು 90 ದಿನ; ಜನವರಿ 20ಕ್ಕೆ ಚುನಾವಣೆ ನಡೆದು ಎಡ್ಗರ್ ಲುಂಗು ಆಯ್ಕೆಯಾದರು.

ನಮ್ಮಲ್ಲೂ ಬೇರೆ ದಾರಿ ಹಿಡಿದವರಿದ್ದರು. 1969ರ ಮೇನಲ್ಲಿ ಜಾಕಿರ್ ಹುಸೇನ್ ತೀರಿಕೊಂಡಾಗ ಹಂಗಾಮಿಯಾದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ತಾವೇ ಸ್ಪರ್ಧಿಸಿದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪನವರ ಬೆಂಬಲವಿದ್ದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರನ್ನು ಸೋಲಿಸಿದರು. ಅದೇ ವರ್ಷ ಪಕ್ಷ ಒಡೆಯಿತು. ಎಂಟು ವರ್ಷಗಳ ನಂತರ ಜತ್ತಿಯವರು ಸ್ಪರ್ಧೆಗೆ ಇಳಿಯಲಿಲ್ಲ. ಈ ಬಾರಿ 37 ಮಂದಿ ನಾಮಪತ್ರ ಸಲ್ಲಿಸಿದ್ದರು, 36 ತಿರಸ್ಕೃತವಾದವು. ಅವಿರೋಧವಾಗಿ ಗೆದ್ದವರು ಅದೇ ಸಂಜೀವ ರೆಡ್ಡಿ. 1977ರ ಜುಲೈ 25ರಂದು ಅವರಿಗೆ ಸ್ಥಾನ ಬಿಟ್ಟುಕೊಟ್ಟು ಜತ್ತಿಯವರು ತಮ್ಮ ಹಳೆಯ ಕೆಲಸಕ್ಕೆ ಮರಳಿದರು. 1979ರ ಆಗಸ್ಟ್‌ವರೆಗೆ ಉಪರಾಷ್ಟ್ರಪತಿಯಾಗಿದ್ದರು. 2002ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಅಂದಿನಿಂದ ಭಾರತದ ಪ್ರತಿಯೊಬ್ಬ ರಾಷ್ಟ್ರಪತಿಯೂ ಅಧಿಕಾರ ವಹಿಸಿಕೊಂಡದ್ದು ಜುಲೈ 25ರಂದೇ. 2022ರಲ್ಲಿ ದ್ರೌಪದಿ ಮುರ್ಮು ಅವರೂ ಹಾಗೆಯೇ. ಮುಂದಿನ ಸಲ ಆ ಸಮಾರಂಭವನ್ನು ಟಿ.ವಿ.ಯಲ್ಲಿ ನೋಡುವಾಗ ಮಕ್ಕಳಿಗೆ ಹೇಳಿ: ಈ ದಿನಾಂಕ, ಸಾವಳಗಿಯ ಒಬ್ಬ ವಕೀಲರು ತಮ್ಮ ಪಾಳಿ ಮುಗಿಸಿ ಎದ್ದುಹೋದ ದಿನ.