ಮುಂಡಗೋಡದ ಟಿಬೆಟನ್ನರು ಮತ್ತು ಪೌರತ್ವದ ತಾರೀಖು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಎರಡು ಜನಸಮುದಾಯಗಳ ಪರಿಚಯ ಚೆನ್ನಾಗಿಯೇ ಇದೆ. ಒಂದು, ಯಲ್ಲಾಪುರ ಸುತ್ತಿನ ಕಾಡಿನಂಚಿನಲ್ಲಿ ಬಾಳುವ ಸಿದ್ದಿ ಜನ. ಇನ್ನೊಂದು, ನೆರೆಯ ಮುಂಡಗೋಡದ ಟಿಬೆಟನ್ನರು. ‘ಇವರು ಯಾವ ದೇಶದವರು?’ ಎಂದು ಹೊಸಬರು ಇಬ್ಬರ ಬಗೆಗೂ ಕೇಳುವುದುಂಟು. ಕಾನೂನು ಇದಕ್ಕೆ ಮುಖ ನೋಡಿ ಉತ್ತರ ಕೊಡುವುದಿಲ್ಲ, ತಾರೀಖು ನೋಡಿ ಕೊಡುತ್ತದೆ.

ಸಿದ್ದಿ ಜನರ ವಿಷಯದಲ್ಲಿ ಉತ್ತರ ಸರಳ. ಇವರ ಪೂರ್ವಿಕರು ಆಫ್ರಿಕದಿಂದ ಗುಲಾಮರಾಗಿ ಬಂದವರು. ಗೋವೆಯ ಪೋರ್ಚುಗೀಸ್ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಬಹಳ. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ, ಇಲ್ಲಿ ಹುಟ್ಟಿ ಇಲ್ಲಿಯೇ ನೆಲೆಸಿದ್ದವರನ್ನು ಅದರ 5ನೇ ವಿಧಿ ಭಾರತದ ಪೌರರೆಂದು ಒಪ್ಪಿತು. ಯಾರೂ ಅರ್ಜಿ ಹಾಕಬೇಕಾಗಲಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆದರೂ ಊರು ಬಿಟ್ಟು ಹೊರಟರೆ ‘ಯಾವ ದೇಶ?’ ಎಂಬ ಪ್ರಶ್ನೆ ಅವರ ಬೆನ್ನು ಬಿಡುವುದಿಲ್ಲ. ಅದು ಕಾನೂನಿನ ತೊಡಕಲ್ಲ, ನಮ್ಮ ತಿಳಿವಳಿಕೆಯದು.

ಟಿಬೆಟನ್ನರ ಕಥೆ ಇಷ್ಟು ಸುಲಭವಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಜನ ಹಿಂಬಾಲಿಸಿದರು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1966ರಲ್ಲಿ, ಮುಂಡಗೋಡದ ಹತ್ತಿರ ಸುಮಾರು 4,000 ಎಕರೆ ನೆಲದಲ್ಲಿ ಇವರ ವಸತಿ ಆರಂಭವಾಯಿತು. ಹಿಮದ ನಾಡಿನವರು ಇಲ್ಲಿನ ಮಳೆಗೆ ಮೈಯೊಡ್ಡಿ ಕಾಡು ಕಡಿದು ಗೋವಿನಜೋಳ ಬೆಳೆದರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಗಾಂದೆನ್, ದ್ರೆಪುಂಗ್ ಎಂಬ ಹೆಸರಾಂತ ಮಠಗಳೂ ಇಲ್ಲಿ ಮತ್ತೆ ತಲೆಯೆತ್ತಿದವು.

ಇಷ್ಟಾದರೂ ಕಾಗದದಲ್ಲಿ ಇವರು ವಿದೇಶೀಯರೇ. ನಿರಾಶ್ರಿತರಿಗಾಗಿಯೇ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೂ ನಾವು ಸಹಿ ಹಾಕಿಲ್ಲ. ಆದ್ದರಿಂದ ಇವರು ವಿದೇಶೀಯರ ನೋಂದಣಿ ಪತ್ರ ಪಡೆದು ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಪರದೇಶಕ್ಕೆ ಹೋಗುವುದಾದರೆ ಪಾಸ್‌ಪೋರ್ಟಿನ ಬದಲು ಹಳದಿ ಹೊದಿಕೆಯ ಗುರುತಿನ ಪುಸ್ತಕ. ವೀಸಾ ಬೀಳುವುದು ಅದರ ಮೇಲೆ.

ಹಾಗಾದರೆ ಇಲ್ಲಿಯೇ ಹುಟ್ಟಿದ ಮಕ್ಕಳ ಗತಿಯೇನು? ಸ್ವಾರಸ್ಯವಿರುವುದು ಇಲ್ಲಿಯೇ. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಪೌರರು (ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟು). ಆ ದಿನದ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿಯಾಯಿತು: ಇಬ್ಬರೂ ಪೌರರಾಗಿರಬೇಕು, ಒಬ್ಬರೇ ಪೌರರಾದರೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ತಂದೆತಾಯಿ ಇಬ್ಬರೂ ಟಿಬೆಟಿನಲ್ಲಿ ಹುಟ್ಟಿದವರೆನ್ನಿ. ಅವರ ಅಣ್ಣ ಮಗ 1986ರಲ್ಲಿ, ತಂಗಿ ಮಗಳು 1988ರಲ್ಲಿ ಮುಂಡಗೋಡದ ಒಂದೇ ಮನೆಯಲ್ಲಿ ಹುಟ್ಟಿದರೆ, ಅಣ್ಣ ಭಾರತೀಯ, ತಂಗಿ ವಿದೇಶಿ!

ಆದರೆ ಕಾಯ್ದೆಯಲ್ಲಿ ಬರೆದಿದ್ದು ಕಚೇರಿಯ ಮೇಜಿಗೆ ಬರಲು ಬಹಳ ವರ್ಷ ಹಿಡಿಯಿತು. ಹಿಮಾಚಲದಲ್ಲಿ 1986ರಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಪಾಸ್‌ಪೋರ್ಟ್ ಕೇಳಿದಾಗ ಅಧಿಕಾರಿಗಳು ನಿರಾಕರಿಸಿದರು. 2010ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆಕೆ ಹುಟ್ಟಿನಿಂದಲೇ ಭಾರತೀಯಳೆಂದು ತೀರ್ಪಿತ್ತಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ, ದ್ರೆಪುಂಗ್ ಮಠದ ಲಿಂಗ್ ರಿಂಪೊಚೆ ಅವರ ಪ್ರಕರಣದಲ್ಲಿ, ಅದೇ ಮಾತು ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು.

ಇಷ್ಟರಿಂದ ಎಲ್ಲರೂ ಮುಗಿಬಿದ್ದರೆಂದು ತಿಳಿಯಬೇಕಿಲ್ಲ. ನಿರಾಶ್ರಿತರಾಗಿ ಉಳಿಯುವುದೇ ತಾಯ್ನಾಡಿನ ಮೇಲಿನ ಹಕ್ಕಿನ ಕುರುಹು ಎಂದು ನಂಬಿದ ಹಿರಿಯರಿದ್ದಾರೆ. ಪಾಸ್‌ಪೋರ್ಟಿಲ್ಲದೆ ಓದು, ಉದ್ಯೋಗಗಳಿಗೆ ಪರದಾಡುವ ಕಿರಿಯರ ಲೆಕ್ಕವೇ ಬೇರೆ. ಕೊನೆಗೆ 2017ರಲ್ಲಿ ಕೇಂದ್ರ ಸರ್ಕಾರ ಪಾಸ್‌ಪೋರ್ಟ್ ಕೊಡಲು ಒಪ್ಪಿತು. ಜೊತೆಗೆ ಷರತ್ತುಗಳೂ ಬಂದವು: ನೋಂದಣಿ ಪತ್ರ, ಹಳದಿ ಪುಸ್ತಕ ಎರಡನ್ನೂ ಹಿಂದಿರುಗಿಸಬೇಕು, ನಿರಾಶ್ರಿತರಿಗೆ ಸಿಗುವ ಸವಲತ್ತು ಬಿಡಬೇಕು, ಟಿಬೆಟನ್ ವಸತಿಯಲ್ಲಿ ವಾಸಿಸಬಾರದು. ತಂದೆ ಕಾಡು ಕಡಿದು ಕಟ್ಟಿದ ಮನೆಯಿರುವುದು ಆ ವಸತಿಯಲ್ಲಿಯೇ.