ವಾಡಿಯ ಕವಲುದಾರಿ

ಕಳೆದ ಸಂಕ್ರಾಂತಿಯ ಬಿಡುವಿನಲ್ಲಿ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವನ್ನು ನೋಡಿಬಂದೆ. 1979ರಲ್ಲಿ ಆರಂಭವಾದ ಆ ಸ್ಥಳದಲ್ಲಿ ಉಗಿಯ ಎಂಜಿನ್ನುಗಳೂ ಮಹಾರಾಣಿಯವರ ಸಲೂನು ಗಾಡಿಯೂ ಇವೆ. ಜೊತೆಗೆ ನಮ್ಮ ವಾಡಿಯ ಹಿರಿಯರೊಬ್ಬರಿದ್ದರು. ಫೈರ್‌ಮನ್ ಆಗಿ ದುಡಿದವರು; ಕೇರಿಗೆಲ್ಲ ಕಾಕಾ. ಹುಡುಗರು ಎಂಜಿನ್ನೇರಿ ಕೂಗುತ್ತಿದ್ದರು. ಕಾಕಾ ಮಾತ್ರ ಒಂದರ ಮೈಮೇಲೆ ಅಂಗೈಯಿಟ್ಟು ಸುಮ್ಮನೆ ನಿಂತರು.

“ತಣ್ಣಗ ಅದ ಮಾಸ್ತರ,” ಎಂದರು. “ಇದಕ್ಕ ಬಣ್ಣ ಹಚ್ಯಾರ. ಉರಿ ಎಲ್ಲಿಂದ ತರ್ತಾರ?”

ರಾತ್ರಿಯ ಗಾಡಿಯಲ್ಲಿ ನನ್ನ ಓದಿನ ಚರಿತ್ರೆಯನ್ನು ಅವರಿಗೆ ಹೇಳುತ್ತ ಬಂದೆ. ಮುಂಬಯಿಯಿಂದ ಹೊರಟ ಜಿ.ಐ.ಪಿ. ಹಳಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸು ರೈಲ್ವೆಯನ್ನು ಕೂಡಿತು. ನಿಜಾಮರ ನೆಲದ ಮೇಲೆಯೇ ಹಾಯ್ದರೂ ಅವರ ರಾಜಧಾನಿಯನ್ನು ಅದು ದೂರವೇ ಬಿಟ್ಟಿತ್ತು. ಆದ್ದರಿಂದ ವಾಡಿಯಲ್ಲಿ ಕವಲೊಡೆದು, ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ಸುಮಾರು 190 ಕಿಲೋಮೀಟರಿನ ಹಳಿ ಹಾಕಿದರು. 1874ರಲ್ಲಿ ಗಾಡಿ ಓಡಿತು. ಸಾಲಾರ್ ಜಂಗರು ದಿವಾನರಾಗಿದ್ದ ಕಾಲ. ಖರ್ಚಿನ ಹೊರೆ ನಿಜಾಮರದು. ಸಿಕಂದರಾಬಾದಿನಲ್ಲಿ ಇಂಗ್ಲಿಷರ ದಂಡು ಬೀಡುಬಿಟ್ಟಿತ್ತೆಂಬುದನ್ನು ನೆನೆದರೆ, ಆ ಹಳಿಗಾಗಿ ಆತುರಪಟ್ಟವರು ಯಾರೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಅದೇ ದಾರಿಯಲ್ಲಿ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ. ಅಮೋಘವರ್ಷ ನೃಪತುಂಗನ ಮಾನ್ಯಖೇಟ ಅದು! ಕನ್ನಡ ಪಾಠ ಹೇಳುವವನಿಗೆ ಆ ಫಲಕ ಕಂಡಾಗಲೆಲ್ಲ ಎದ್ದು ನಿಲ್ಲಬೇಕೆನಿಸುತ್ತದೆ. ಕಾಕಾಗೆ ಆ ಊರು ಬೇರೆಯೇ: ಮಳೆಗಾಲದ ಒಂದು ರಾತ್ರಿ ತೊಯ್ದ ಕಲ್ಲಿದ್ದಲು ಹೊತ್ತದೆ, ಉಗಿಯ ಒತ್ತಡ ಇಳಿದು, ಗಾಡಿ ನಿಂತ ಜಾಗ.

“ಡ್ರೈವರನ ಕಣ್ಣು ದಾರಿ ಮ್ಯಾಲ. ನನ್ನ ಕಣ್ಣು ನೀರಿನ ಗಾಜಿನ ಮ್ಯಾಲ,” ಎಂದರು. ಬಾಯ್ಲರಿನ ನೀರು ತೀರ ಇಳಿದರೆ ಬೆಂಕಿಗೂಡಿನ ನೆತ್ತಿ ಬರಿದಾಗಿ ಕಾದು ಸಿಡಿಯಬಹುದು. ಹೆಚ್ಚಾದರೆ ಉಗಿಯೊಡನೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ. ಕಲ್ಲಿದ್ದಲನ್ನು ಗುಡ್ಡೆಯಾಗಿ ಸುರಿಯಬಾರದು. ತೆಳ್ಳಗೆ, ಮೂಲೆಮೂಲೆಗೆ ಎರಚಬೇಕು. ಇದನ್ನು ಹೇಳುವಾಗ ಬರ್ತಿನ ಮೇಲೆ ಕುಳಿತಿದ್ದ ಮುದುಕರ ಬಲಗೈ ತಾನಾಗಿಯೇ ಸಲಿಕೆಯಾಡಿಸಿತು. ಮೊಣಕೈಯವರೆಗೆ ಸುಟ್ಟ ಕಲೆಗಳು. ಸಾಲಾರ್ ಜಂಗರ ಹೆಸರು ನನ್ನ ಟಿಪ್ಪಣಿಯಲ್ಲಿ ಎರಡು ಕಡೆ ಇದೆ. ಸಲಿಕೆ ಹಿಡಿದವರ ಒಂದು ಹೆಸರೂ ಇರಲಿಲ್ಲ. ನಾಚಿಕೆಯಾಯಿತು. ಪುಸ್ತಕ ತೆಗೆದು, ಅವರು ಹೇಳಿದ ಜೊತೆಗಾರರ ಹೆಸರುಗಳನ್ನು ಬರೆದುಕೊಳ್ಳತೊಡಗಿದೆ. ಹದಿನೇಳಾದವು. ಬದುಕಿರುವವರು ಇಬ್ಬರು.

ಬ್ರಾಡ್‌ಗೇಜಿನ ಮೇಲೆ ಉಗಿಯ ಓಟ 1995ರಲ್ಲಿ ಮುಗಿಯಿತು. ಈಗ ವಾಡಿಯಲ್ಲಿ ವಿದ್ಯುತ್ತಿನ ಎಂಜಿನ್ನು ಸದ್ದಿಲ್ಲದೆ ಬಂದು ನಿಲ್ಲುತ್ತದೆ. ನಾವು ಇಳಿದಾಗ ಬೆಳಗಿನ ಜಾವ. ಕಾಕಾ ಮೇಲುಸೇತುವೆಯ ಕಡೆಗೆ ತಿರುಗದೆ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು, ಜಾಲಿ ಬೆಳೆದ ಒಂದು ತಗ್ಗನ್ನು ತೋರಿಸಿದರು.

“ಬೂದಿ ಇಲ್ಲೇ ಕೆಡವತಿದ್ವಿ,” ಎಂದರು. “ಇದನ್ನೂ ಬರ್ಕೋರಿ.”